ದುರ್ಗಪ್ಪನ ಹಾರ್ನು, ಗೊಂಬೆಯ ಜಡೆ

ಫ್ಲೆಕ್ಸ್ ಬೋರ್ಡು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಹುಟ್ಟುಹಬ್ಬಕ್ಕೆ ಒಂದು, ಸತ್ತರೆ ಒಂದು, ಗೆದ್ದರೆ ಒಂದು, ಸೋತರೂ ಒಂದು. ಹೊನ್ನಾವರದ ಶರಾವತಿ ಸರ್ಕಲ್ಲಿನಲ್ಲಿ ನಿಂತು ತಲೆ ಎತ್ತಿದರೆ ಆಕಾಶ ಕಾಣಬೇಕಾದ ಕಡೆ ಯಾರದೋ ಹಲ್ಲು ಕಾಣುತ್ತದೆ. ಮಕ್ಕಳಿಗೆ ಆಟಿಕೆ ಕೂಡಿಸುವ ಬೈಕ್ ಸವಾರಿಗೂ ಒಂದು ಫ್ಲೆಕ್ಸ್ ಹಾಕುವಾ ಅಂತ ಮಾತು ಬಂದಾಗ ನಾನು ಬೇಡ ಅಂದಿದ್ದೆ. ಹೊಲಿಗೆಯವಳು ಹೇಳಿದ್ದನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ. ಹಾಕಿಕೊಂಡಿದ್ದರೆ ದುರ್ಗಪ್ಪನ ಕತೆ ಬೇರೆಯೇ ಆಗುತ್ತಿತ್ತು, ಅಥವಾ ಕತೆಯೇ ಆಗುತ್ತಿರಲಿಲ್ಲ.

ನನ್ನದು ಹೊನ್ನಾವರ ಪೇಟೆಯಲ್ಲಿ ಹೊಲಿಗೆ ಅಂಗಡಿ. ಹೆಸರು ವಿನುತಾ. ಪ್ರತಿ ನವೆಂಬರಿನಲ್ಲಿ ಮಕ್ಕಳ ದಿನಾಚರಣೆಯ ಹತ್ತಿರದ ಭಾನುವಾರ ಭಟ್ಕಳದಿಂದ ಕುಮಟೆಯವರೆಗೆ ಬೈಕಿನವರು ಒಟ್ಟಾಗಿ ಹೊರಡುತ್ತಾರೆ. ದಾರಿಯ ಊರುಗಳಲ್ಲಿ ಮನೆ ಮನೆಯಿಂದ ಆಟಿಕೆ ಕೂಡಿಸುತ್ತಾರೆ. ಅನಾಥ ಮಕ್ಕಳ ಮನೆಗಳಿಗೆ, ಹಾಸ್ಟೆಲುಗಳಿಗೆ ಅವನ್ನು ಹಂಚುತ್ತಾರೆ. ಮುಂದಾಳು ಕುಮಟೆಯ ಬ್ಯಾಂಕಿನಲ್ಲಿರುವ ನಾಗಪತಿ ಹೆಗಡೆಯವರು. ಹರಿದದ್ದು ಮುರಿದದ್ದು ಹೊನ್ನಾವರದಲ್ಲಿ ನನ್ನ ಅಂಗಡಿಯ ಮುಂದೆ ಇಳಿಯುತ್ತದೆ, ನಾನು ಸರಿಮಾಡುತ್ತೇನೆ. ಭಟ್ಕಳದ ಹತ್ತಿರದ ಜಾಲಿ ಊರಿನಲ್ಲಿ ಅಂಗಡಿ ಇಟ್ಟ ಸಾಹೇಬರೊಬ್ಬರು ಪ್ರತಿವರ್ಷ ಹೊಸ ಪ್ಯಾಕೆಟ್ಟುಗಳನ್ನೇ ಕೊಡುತ್ತಾರೆ, ಅವರ ಹೊಟ್ಟೆ ತಣ್ಣಗಿರಲಿ. ಉಳಿದವರಲ್ಲಿ ಎಷ್ಟೋ ಮಂದಿ ದೀಪಾವಳಿಗೆ ಮನೆ ಗುಡಿಸಿದ್ದನ್ನೇ ಚೀಲಕ್ಕೆ ತುಂಬಿ ಕೊಡುತ್ತಾರೆ. ಒಂದು ಕಾಲಿನ ಕುದುರೆ, ತಲೆಯಿಲ್ಲದ ಮಂಗ. ಬಡವರ ಮಕ್ಕಳೆಂದರೆ ಮಂಗಕ್ಕೆ ತಲೆ ಬೇಡವೆಂದು ಇವರಿಗೆ ಯಾರು ಹೇಳಿದರೋ. ಬೈಯುತ್ತಲೇ ನಾನು ಹೊಲಿಯುತ್ತೇನೆ.

ದುರ್ಗಪ್ಪ ಸೇತುವೆಯಾಚೆಯ ಕಾಸರಕೋಡಿನವನು. ಬೆಳಿಗ್ಗೆ ಬಂದರಿನಲ್ಲಿ ಮೀನು ತೆಗೆದುಕೊಂಡು, ಹಳೇ ಸ್ಪ್ಲೆಂಡರಿನ ಹಿಂದೆ ಪೆಟ್ಟಿಗೆ ಕಟ್ಟಿ, ಕೇರಿ ಕೇರಿ ಸುತ್ತಿ ಮಾರುವುದು ಅವನ ಕಸುಬು. ಹ್ಯಾಂಡಲಿಗೆ ಒಂದು ರಬ್ಬರ್ ಹಾರ್ನು. ಎರಡು ಸಲ ಪೊಂ ಪೊಂ, ಸ್ವಲ್ಪ ತಡೆದು ಇನ್ನೊಂದು ಸಲ ಪೊಂ. ಮೊದಲು ಬೆಕ್ಕುಗಳು ಬರುತ್ತಿದ್ದವು, ಆಮೇಲೆ ಪಾತ್ರೆ ಹಿಡಿದ ಹೆಂಗಸರು. ಅವನ ಹೆಂಡತಿ ಗಂಗಿ ಹೊನ್ನಾವರದ ಮೀನು ಮಾರ್ಕೆಟಿನಲ್ಲಿ ಬುಟ್ಟಿ ಇಟ್ಟು ಕೂರುವವಳು. ಅವರಿಗೆ ಒಬ್ಬಳೇ ಮಗಳು, ಸುಷ್ಮಾ.

ಅವನು ಸವಾರಿಗೆ ಸೇರಿದ್ದೂ ಹಾರ್ನಿನಿಂದಲೇ. ಮೊದಲ ವರ್ಷ ಬುಲೆಟ್ಟುಗಳು ಗುಡುಗುಡು ಅನ್ನುತ್ತ ಕಾಸರಕೋಡಿನ ಕೇರಿಗೆ ನುಗ್ಗಿದಾಗ, ಹೆಲ್ಮೆಟ್ಟು ಕಪ್ಪು ಜಾಕೆಟ್ಟು ಕಂಡು ಜನ ಬಾಗಿಲು ಹಾಕಿಕೊಂಡರಂತೆ. ಹೆಗಡೆಯವರು ಖಾಲಿ ಚೀಲ ಹಿಡಿದು ರಸ್ತೆಯಲ್ಲಿ ನಿಂತಿದ್ದರು. ಅಷ್ಟರಲ್ಲಿ ಆ ಕಡೆಯಿಂದ ದುರ್ಗಪ್ಪನ ಪೊಂ ಪೊಂ ಕೇಳಿತು. ಒಂದೊಂದೇ ಬಾಗಿಲು ತೆರೆದು ಹೆಂಗಸರು, ಮಕ್ಕಳು ಗೇಟಿಗೆ ಬಂದರು. ಹೆಗಡೆಯವರು ಅವನ ಹತ್ತಿರ ಹೋಗಿ, "ಮಾರಾಯಾ, ನೀ ಒಂದ್ ಉಪಕಾರ ಮಾಡು. ನಮ್ಮ ಮುಂದೆ ಹೋಗು," ಅಂದರು. ದುರ್ಗಪ್ಪ ಪೆಟ್ಟಿಗೆ ತೋರಿಸಿ, "ಬಂಗ್ಡೆ ಖಾಲಿ ಆಗ್ಲಿ ಹೆಗಡೇರೆ, ಬರ್ತೆ," ಅಂದ.

ಮಾರನೇ ವರ್ಷದಿಂದ ಅವನದೇ ಮೊದಲ ಗಾಡಿ. ಅಷ್ಟು ದೊಡ್ಡ ದೊಡ್ಡ ಬೈಕುಗಳು ಒಂದು ಮೀನಿನ ಸ್ಪ್ಲೆಂಡರಿನ ಹಿಂದೆ ಮೆಲ್ಲಗೆ ಬರುವುದನ್ನು ನೋಡುವುದೇ ಒಂದು ಚಂದ. ಕೆಲವರು ಒಂದು ಕೈಯಲ್ಲಿ ಆಟಿಕೆ, ಇನ್ನೊಂದು ಕೈಯಲ್ಲಿ ಪಾತ್ರೆ ಹಿಡಿದೇ ಬರುತ್ತಿದ್ದರು, ಎರಡರಲ್ಲಿ ಯಾವುದಾದರೂ ನಡೆಯಲಿ ಅಂತ. ಹಿಂದಿನ ದಿನ ಅವನು ಪೆಟ್ಟಿಗೆಯನ್ನು ಸೋಪು ಹಾಕಿ ತಿಕ್ಕಿರುತ್ತಿದ್ದ. ಆದರೂ ಅದರಲ್ಲಿ ಬಂದ ಗೊಂಬೆಗಳಿಗೆ ಮೀನಿನ ವಾಸನೆ.

"ಎಂತ ದುರ್ಗಪ್ಪ, ಇದು ಮಕ್ಳಿಗೆ ಆಡೂಕಾ, ಸಾರು ಮಾಡೂಕಾ?" ಅಂತ ನಾನು ಗದರುತ್ತಿದ್ದೆ.

"ವಾಸ್ನೆ ಇರ್ಲಿ ವಿನುತಕ್ಕ. ಮೀನಣ್ಣ ತಂದದ್ದು ಅಂತ ಮಕ್ಳಿಗೆ ಗುರ್ತು ಸಿಗ್ತದೆ," ಅನ್ನುತ್ತಿದ್ದ.

ಅವನಿಗೆ ನಾಚಿಕೆಯೂ ಇರಲಿಲ್ಲ, ಜಂಬವೂ ಇರಲಿಲ್ಲ. ಭಾನುವಾರ ಮೀನಿನ ವ್ಯಾಪಾರದ ದಿನ, ಅದನ್ನು ಬಿಟ್ಟು ಬರುತ್ತಿದ್ದ. ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ, ದಿನಾ ಬಾಗಿಲಿಗೆ ಹೋಗಿ ಮೀನು ಕೊಡುವುದು, ದುಡ್ಡು ಇಸಕೊಳ್ಳುವುದೇ ಆಯಿತು, ಒಂದು ದಿನ ಬರೀ ಕೊಡುವುದು ಆಗಲಿ ಅಂದ. ನನಗೆ ಆ ಮಾತು ಬಹಳ ಹಿಡಿಸಿತು.

ಸುಷ್ಮಾಗೆ ರಕ್ತದ ಕಾಯಿಲೆ ಅಂತ ಗೊತ್ತಾದದ್ದು ಅವಳು ಮೂರನೇ ಕ್ಲಾಸಿನಲ್ಲಿದ್ದಾಗ. ಮೊದಲು ಜ್ವರ, ಆಮೇಲೆ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ. ಮಣಿಪಾಲಕ್ಕೆ ಓಡಾಟ ಶುರುವಾಯಿತು. ಗಂಗಿ ಇಡಗುಂಜಿ ಗಣಪತಿಗೆ ಹರಕೆ ಹೇಳಿಕೊಂಡಳು, ಸೋಮವಾರ ಒಪ್ಪೊತ್ತು ಮಾಡಿದಳು. ಔಷಧಿ ಶುರುಮಾಡಿದರೆ ಕೂದಲು ಉದುರುತ್ತದೆ, ಮೊದಲೇ ಕತ್ತರಿಸಿ ತೆಗೆದರೆ ಮಗುವಿಗೆ ಅಷ್ಟು ಹೆದರಿಕೆಯಾಗುವುದಿಲ್ಲ ಅಂತ ನರ್ಸಮ್ಮ ಹೇಳಿದರಂತೆ. ಸುಷ್ಮಾಳ ಜಡೆ ಸೊಂಟದವರೆಗೆ ಇತ್ತು. ಗಂಗಿ ಜಡೆ ಹೆಣೆದು, ಎರಡೂ ಕಡೆ ರಬ್ಬರ್ ಬ್ಯಾಂಡು ಹಾಕಿ, ತಾನೇ ಕತ್ತರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಅಂಗಡಿಗೆ ತಂದಳು.

"ಇದ್ನ ಒಂದು ಗೊಂಬಿಗೆ ಹೊಲ್ದ್ ಕೊಡ್ತ್ರಾ ವಿನುತಕ್ಕ? ನನ್ನ ಕೂದ್ಲು ಯಾರ್ ಇಟ್ಕಂತ್ರು ಅಂತ ಹುಡ್ಗಿ ಕೇಳ್ತದೆ."

ಮನುಷ್ಯರ ಕೂದಲನ್ನು ನಾನು ಅಲ್ಲಿಯವರೆಗೆ ಹೊಲಿದವಳಲ್ಲ. ಜಡೆಯ ಮೇಲಿನ ತುದಿಯನ್ನು ಬಿಡಿಸಿ, ನಾಡಾ ಪಟ್ಟಿಯ ಮೇಲೆ ಹರಡಿ, ಮಿಷಿನ್ನಿನಲ್ಲಿ ಎರಡು ಹೊಲಿಗೆ ಹಾಕಿ, ಆಮೇಲೆ ಗೊಂಬೆಯ ತಲೆಗೆ ಕೈಯಲ್ಲಿ ಹೊಲಿದೆ. ರವಿಕೆ ಬಟ್ಟೆಯ ಗೊಂಬೆ, ಒಳಗೆ ಬೂರುಗದ ಹತ್ತಿ, ಕಣ್ಣಿಗೆ ಎರಡು ಕರೀ ಗುಂಡಿ. ಜಡೆ ಗೊಂಬೆಯ ಕಾಲು ದಾಟಿ ಕೆಳಗೆ ಬರುತ್ತಿತ್ತು. ಆಸ್ಪತ್ರೆಯ ಮಂಚದ ಮೇಲೆ ಸುಷ್ಮಾ ದಿನವಿಡೀ ಅದನ್ನು ಬಾಚುತ್ತಿದ್ದಳಂತೆ. ನನ್ನ ಕೂದಲು ಬರುವವರೆಗೆ ಇದರ ಹತ್ತಿರ ಇರಲಿ ಅನ್ನುತ್ತಿದ್ದಳಂತೆ.

ಒಂದು ಸಲ ನಾನು ಅವಳನ್ನು ನೋಡಲು ಹೋಗಿದ್ದೆ. ನರ್ಸಮ್ಮ ಸೂಜಿಯ ಟ್ರೇ ಹಿಡಿದು ಬಂದದ್ದೇ ತಡ, ಆ ಮಗು ತಾನಾಗಿಯೇ ಕೈ ಚಾಚಿತು. ಅಳಲಿಲ್ಲ, ಮುಖ ತಿರುಗಿಸಲಿಲ್ಲ. ಗಂಗಿ ನನ್ನ ಕಿವಿಯಲ್ಲಿ, "ಮೊದ್ಲು ಊರು ಎದ್ದು ಬರೂಹಂಗೆ ಕೂಗ್ತಿತ್ತು. ಈಗ ಅಳೂದಿಲ್ಲ. ಅದೇ ನಂಗೆ ನೋಡೂಕ್ ಆಗೂದಿಲ್ಲ," ಅಂದಳು. ನನಗೂ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದುಬಿಟ್ಟೆ.

ಮಳೆಗಾಲದ ನಡುವೆ ಸುಷ್ಮಾ ಹೋಗಿಬಿಟ್ಟಳು. ಕೂದಲು ಮತ್ತೆ ಬರಲೇ ಇಲ್ಲ.

ಮಣ್ಣು ಮಾಡಿ ಬಂದ ಮೇಲೆ ದುರ್ಗಪ್ಪನ ತಾಯಿ ಗೊಂಬೆ ನೋಡಿ ಹೆದರಿದರು. ಹೋದ ಮಗುವಿನ ಕೂದಲು ಮನೆಯಲ್ಲಿದ್ದರೆ ಜೀವ ಅದನ್ನೇ ಸುತ್ತಿಕೊಂಡು ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ, ಶರಾವತಿಯ ಅಳಿವೆಯಲ್ಲಿ ಬಿಟ್ಟು ಬನ್ನಿ ಅಂದರು. ಹೊಳೆ ಸಮುದ್ರಕ್ಕೆ ಸೇರುವ ಆ ಬಾಯಿಯಲ್ಲೇ ನಮ್ಮ ಕಡೆ ಇಂಥದ್ದನ್ನೆಲ್ಲ ಬಿಡುವುದು. ಗಂಗಿಗೆ ಗೊಂಬೆಯನ್ನು ಬಿಡಲು ಮನಸ್ಸಿರಲಿಲ್ಲ. ಆದರೆ ಮಗಳು ಎಲ್ಲಿಯೂ ಸೇರದೆ ಗಾಳಿಯಲ್ಲಿ ನಿಲ್ಲುತ್ತಾಳೆ ಅಂದರೆ ಯಾವ ತಾಯಿ ಹಟ ಹಿಡಿದಾಳು? ಬಿಳಿ ಪಂಚೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟಳು. ಅವನು ಹೋಗಿ, ಬರಿಗೈಯಲ್ಲಿ ಬಂದು, "ಬಿಟ್ಟೆ. ನೀರು ತಕಂಡು ಹೋತು," ಅಂದ.

ಆ ನವೆಂಬರಿನಲ್ಲಿ ಅವನು ಸವಾರಿಗೆ ಬರುವುದಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು. ಬಂದ. ಹಾರ್ನು ಒತ್ತಿದ. ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ, ಪೆಟ್ಟಿಗೆಯನ್ನು ಮಾತ್ರ ತೆರೆಯಲಿಲ್ಲ. "ಇದ್ರಾಗೆ ಹೊಲಿಯೂದು ಎಂತ ಇಲ್ಲ ವಿನುತಕ್ಕ," ಅಂದ. ದುಃಖದವನನ್ನು ಎಷ್ಟು ಕೆದಕುವುದು ಅಂತ ನಾನೂ ಸುಮ್ಮನಾದೆ.

ಮತ್ತೊಂದು ವರ್ಷ ಬಂತು, ಫ್ಲೆಕ್ಸೂ ಬಂತು. ಆಶ್ರಯದಲ್ಲಿರುವ ಮಕ್ಕಳ ಮುಖ ಹಾಕಬಾರದು ಅಂತ ಕಾನೂನಿದೆಯಂತೆ. ಹಾಗಾಗಿ ಹೆಗಡೆಯವರು ಹಿಂದಿನ ವರ್ಷ ಮಿರ್ಜಾನದ ಹತ್ತಿರದ ಮಕ್ಕಳ ಮನೆಯಲ್ಲಿ ತೆಗೆದ ಫೋಟೋಗಳಲ್ಲಿ ಬೆನ್ನು ಕಾಣುವಂಥದ್ದನ್ನು ಆರಿಸಿದ್ದರು. ಒಬ್ಬ ಹುಡುಗಿ ಗೊಂಬೆಯನ್ನು ಹೆಗಲಿಗೆ ಹಾಕಿಕೊಂಡು ಆಚೆ ನಡೆದು ಹೋಗುತ್ತಿದ್ದಾಳೆ. ಗೊಂಬೆಯ ಜಡೆ ಹುಡುಗಿಯ ಬೆನ್ನ ಮೇಲೆ ಉದ್ದಕ್ಕೆ ಇಳಿದಿದೆ. ಅದನ್ನೇ ಆಳೆತ್ತರಕ್ಕೆ ಮಾಡಿ ಸರ್ಕಲ್ಲಿನಲ್ಲಿ ಕಟ್ಟಿದರು.

ಗಂಗಿ ಮೀನಿನ ಬುಟ್ಟಿ ಹೊತ್ತು ಬಸ್ಸಿಳಿದವಳು ಅದರ ಕೆಳಗೆ ನಿಂತುಬಿಟ್ಟಳು. ನಾನು ಅಂಗಡಿ ತೆರೆಯಲು ಹೋಗುತ್ತಿದ್ದೆ. ಬುಟ್ಟಿಯ ನೀರು ಅವಳ ಕತ್ತಿನ ಮೇಲೆ ಇಳಿಯುತ್ತಿತ್ತು, ಅವಳಿಗೆ ಗೊತ್ತೇ ಇರಲಿಲ್ಲ.

"ಎಂತ ಆತು ಗಂಗಿ?"

"ವಿನುತಕ್ಕ, ಅದು ನನ್ನ ಹುಡ್ಗಿ ಜಡೆ."

ನಾನು ತಲೆ ಎತ್ತಿ ನೋಡಿದೆ. ನನ್ನ ಹೊಲಿಗೆ ನನಗೆ ಗುರುತು ಸಿಗದೆ ಇರುತ್ತದೆಯೇ? ಹೌದು ಅಂದೆ.

ಗಂಗಿ ಆ ದಿನ ಮಾರ್ಕೆಟಿಗೆ ಹೋಗಲಿಲ್ಲ, ಮೀನು ಮಾರಲಿಲ್ಲ. ನನ್ನ ಅಂಗಡಿಯಲ್ಲಿ ಕೂತಳು. ಹೊತ್ತೇರಿದ ಮೇಲೆ ದುರ್ಗಪ್ಪ ಬಂದ. ಅವಳು ಕೇಳಿದ್ದು ಒಂದೇ ಮಾತು, "ನೀರು ತಕಂಡು ಹೋತು ಅಂದ್ರಲ್ಲ?"

ಅವನು ನೆಲ ನೋಡುತ್ತ ಹೇಳಿದ, "ಅಳಿವೆಗೆ ಹೋಗಿದ್ದೆ. ನಿಜಕ್ಕೂ ಹೋಗಿದ್ದೆ. ಆದ್ರೆ ಅಳಿವೇಲಿ ಬಿಟ್ಟದ್ದು ಅಲ್ಲೇ ಉಳೀತದಾ ವಿನುತಕ್ಕ? ಉಬ್ಬರಕ್ಕೆ ವಾಪಸ್ ದಂಡೆಗೆ ಬರ್ತದೆ. ನಾಯಿ ಎಳ್ಕಂಡು ಹೋಗೂದು ದಿನಾ ನೋಡ್ತೆ ನಾನು. ನನ್ನ ಹುಡ್ಗಿ ಕೂದ್ಲು ನಾಯಿ ಬಾಯಾಗೆ ನೋಡ್ಲಾ?" ಆಮೇಲೆ ದನಿ ಇಳಿಸಿದ. "ಬಂದರದಾಗೆ ಬಲೆ ಇಡೂ ಕೋಣೇಲಿ ಬಚ್ಚಿಟ್ಟಿದ್ದೆ. ಸವಾರಿ ಬಂದಾಗ ಒಂದು ಹುಡ್ಗಿ ಕೈಗೆ ಕೊಟ್ಟೆ. ಯಾರಾದ್ರೂ ಬಾಚ್ಲಿ ಅಂತ."

ನನಗೆ ಅವನ ಮೇಲೆ ಸಿಟ್ಟೂ ಬಂತು, ಅವನನ್ನು ನೋಡಿ ಪಾಪವೂ ಅನ್ನಿಸಿತು. ಗಂಗಿ ಮಾತ್ರ ಬೈಯಲಿಲ್ಲ. ಅವಳ ಹೆದರಿಕೆಯೇ ಬೇರೆ ಇತ್ತು.

"ಹಂಗಾರೆ ಅದು ಇಷ್ಟು ದಿನ ಎಲ್ಲಿ ನಿಂತದೆ? ಹೋತು, ಸೇರ್ತು ಅಂದ್ಕಂಡು ನಾನು ಊಟ ಮಾಡ್ದೆ, ನಿದ್ರೆ ಮಾಡ್ದೆ. ನನ್ನ ಹುಡ್ಗಿ ಯಾರ್ದೋ ಹೆಗಲ ಮೇಲೆ ನೇತಾಡ್ತಾ ಅದೆ." ಎದ್ದು ನಿಂತಳು. "ತಂದ್ಕೊಡಿ. ನಾನೇ ಬಿಡ್ತೆ."

ಹೆಗಡೆಯವರಿಗೆ ಫೋನು ಮಾಡಿದೆವು. ಅವರು ಕುಮಟೆಯಿಂದ ತಾವೇ ಬಂದರು. ವಿಷಯ ಕೇಳಿ ಬೆವರಿದರು. ಒಳ್ಳೆಯ ಮನುಷ್ಯ, ಆದರೆ ಅವರಿಗೆ ಸವಾರಿಯ ನಿಯಮವೊಂದಿತ್ತು. "ಕೊಟ್ಟ ಆಟಿಕೆ ಮಗುವಿನ ಕೈಯಿಂದ ವಾಪಸ್ ಕೇಳೂಕೆ ನಂಗೆ ಬಾಯಿಲ್ಲ ದುರ್ಗಪ್ಪ. ಆ ಮಕ್ಳಿಂದ ಎಲ್ಲಾರೂ ತಕಂಡೇ ಹೋಗಿದ್ದು, ನಾವೂ ತಕಳ್ಳದಾ?" ಅಂದರು. ಗಂಗಿ ಅವರ ಮುಖವನ್ನೇ ನೋಡುತ್ತ ನಿಂತಳು. ಅಷ್ಟರಲ್ಲಿ ಅವರ ಹೆಂಡತಿಯ ಫೋನು ಬಂತು. ಮನೆಯ ಹವ್ಯಕ ಮಾತಿನಲ್ಲಿ, "ಬತ್ತೆ, ಬತ್ತೆ. ಇಲ್ಲೊಂದು ಕಷ್ಟ ಇದ್ದು," ಅಂದು ಇಟ್ಟರು. ಕಡೆಗೆ ಪೇಟೆಗೆ ಹೋಗಿ ದೊಡ್ಡದೊಂದು ಹೊಸ ಗೊಂಬೆ ತಂದು, ಇದನ್ನು ಕೊಟ್ಟು ಅದನ್ನು ತನ್ನಿ ಅಂತ ನನ್ನ ಕೈಯಲ್ಲಿಟ್ಟರು. ಹೋಗುವಾಗ ಫ್ಲೆಕ್ಸ್ ಬಿಚ್ಚಿಸಿದರು. ಗಂಗಿ ಅದನ್ನು ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋದಳು.

ಸವಾರಿಗೆ ಇನ್ನೂ ದಿನವಿತ್ತು. ಆ ಭಾನುವಾರ ದುರ್ಗಪ್ಪನ ಹಿಂದೆ ಕೂತು ನಾನೇ ಮಿರ್ಜಾನಕ್ಕೆ ಹೋದೆ. ಗಂಗಿ ಬರಲಿಲ್ಲ. ಕೊಟ್ಟವರೇ ತರಲಿ ಅಂದಳು. ಗೇಟಿನ ಮುಂದೆ ಗಾಡಿ ನಿಲ್ಲಿಸಿದವನ ಕೈ ಅಭ್ಯಾಸದಿಂದ ಹಾರ್ನಿನ ಮೇಲೆ ಹೋಯಿತು. ಪೊಂ ಪೊಂ. ಇನ್ನೊಂದು ಪೊಂ. ಒಳಗಿಂದ ಮಕ್ಕಳು ಮೀನಣ್ಣ, ಮೀನಣ್ಣ ಅಂತ ಓಡಿ ಬಂದವು. ಎಲ್ಲರಿಗಿಂತ ಮುಂದೆ ಅವಳು, ಹೆಗಲ ಮೇಲೆ ಗೊಂಬೆ. ಹೆಸರು ಮಾದೇವಿ ಅಂತ ಆಗ ತಿಳಿಯಿತು.

"ಈ ಸಲ ಬೇಗ ಬಂದ್ರಿ ಮೀನಣ್ಣ," ಅಂದಳು.

ದುರ್ಗಪ್ಪ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ನಾನೇ ಹೇಳಿಬಿಡೋಣವೆಂದು ಮುಂದೆ ಬಂದೆ. ಕಡೆಗೆ ಅವನೇ, "ಮಗಾ, ಈ ಗೊಂಬೆ ನಂಗೆ ವಾಪಸ್ ಬೇಕಾಗಿತ್ತು," ಅಂದ.

ಮಾದೇವಿ ಅವನ ಮುಖ ನೋಡಲಿಲ್ಲ, ಗೊಂಬೆಯ ಮುಖ ನೋಡಿದಳು. ಹೆಗಲಿಂದ ಇಳಿಸಿ, ಎರಡೂ ಕೈ ಚಾಚಿ ಮುಂದೆ ಹಿಡಿದಳು. ಯಾಕೆ ಅಂತ ಕೇಳಲಿಲ್ಲ. ಅಳಲಿಲ್ಲ. ದುರ್ಗಪ್ಪ ತೆಗೆದುಕೊಳ್ಳಲು ತಡಮಾಡಿದ, ಅವಳ ಕೈ ಹಾಗೆಯೇ ಚಾಚಿಕೊಂಡಿತ್ತು.

"ಇದ್ರದ್ದು ನಿಜದ ಕೂದ್ಲು," ಅಂದಳು. "ಯಾರಾದ್ರೂ ಕೇಳ್ಕಂಡು ಬರ್ತ್ರು ಅಂತ ಗೊತ್ತಿತ್ತು."

ಅವನು ತೆಗೆದುಕೊಂಡ ಮೇಲೆ, "ಶುಕ್ರವಾರ ಎಣ್ಣೆ ಹಾಕ್ಬೇಕು, ಇಲ್ಲಾಂದ್ರೆ ಗಂಟಾಗ್ತದೆ. ಹಾಕ್ತ್ರಾ?" ಅಂತ ಕೇಳಿದಳು. ಹಾಕ್ತೆ ಅಂದ. ನಾನು ಹೊಸ ಗೊಂಬೆ ಕೊಟ್ಟೆ. "ಆತು," ಅಂದು ಅದನ್ನೂ ತೆಗೆದುಕೊಂಡು, ಬದಿಯಲ್ಲಿದ್ದ ಚಿಕ್ಕ ಹುಡುಗಿಯ ಕೈಗೆ ಕೊಟ್ಟು, ತಟ್ಟೆ ಹಿಡಿದು ಊಟದ ಸಾಲಿಗೆ ಹೋಗಿ ನಿಂತಳು.

ಗಂಗಿ ಅಳಿವೆಯ ಹತ್ತಿರ ದೋಣಿ ಕಟ್ಟುವ ಕಡೆ ಕಾಯುತ್ತಿದ್ದಳು. ಬಿಸಿಲು ಚುರುಗುಡುತ್ತಿತ್ತು. ಕುಂಕುಮ, ಹೂವು, ಬಾಳೆಲೆ ಎಲ್ಲ ತಂದಿದ್ದಳು. ಗೊಂಬೆಯನ್ನು ಕೈಗೆ ತೆಗೆದುಕೊಂಡು ಮೊದಲು ಜಡೆ ಮೂಸಿದಳು. ಮಕ್ಕಳ ಮನೆಯ ಎಣ್ಣೆಯ ವಾಸನೆ. ಬಿಗಿಯಾಗಿ ಹೆಣೆದು ತುದಿಗೆ ಕೆಂಪು ರಿಬ್ಬನ್ನು ಕಟ್ಟಿತ್ತು. ಹರಿದ ಲಂಗಕ್ಕೆ ಮಗುವಿನ ಕೈಯ ಉದ್ದುದ್ದ ಹೊಲಿಗೆ. ನೀರಿಗೆ ಇಳಿದಳು, ಮೊಣಕಾಲಿನವರೆಗೆ. ಅಲ್ಲಿ ನಿಂತು ಹಿಂದೆ ತಿರುಗದೆ ಕೇಳಿದಳು.

"ಆ ಹುಡ್ಗಿ ತುಂಬಾ ಅಳ್ತಾ?"

"ಇಲ್ಲ," ಅಂದ ದುರ್ಗಪ್ಪ.

"ಹಟ ಮಾಡ್ತಾ?"

"ಇಲ್ಲ. ಕೇಳ್ದ ಕೂಡ್ಲೇ ಕೈ ಚಾಚ್ ಕೊಡ್ತು."

ಗಂಗಿ ತಿರುಗಿದಳು. ಅವಳ ಮುಖ ನೋಡಿ ನನಗೆ ಮಣಿಪಾಲದ ಆ ಮಂಚ ಕಣ್ಣಮುಂದೆ ಬಂತು, ಸೂಜಿಯ ಟ್ರೇ ಕಂಡು ತಾನಾಗಿಯೇ ಮುಂದೆ ಬಂದ ಆ ಸಣ್ಣ ಕೈ. ಅವಳಿಗೂ ಅದೇ ಬಂದಿರಬೇಕು. ನೀರಿನಲ್ಲಿ ನಿಂತೇ ಗೊಂಬೆಯನ್ನು ಅವುಚಿಕೊಂಡು ಅಳಲು ಶುರುಮಾಡಿದಳು. ಮಗಳು ಹೋದ ದಿನವೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ದುರ್ಗಪ್ಪ ದಂಡೆಯ ಮೇಲೆ ಕೂತು ತಲೆ ತಗ್ಗಿಸಿದ. ನಾನೂ ಅತ್ತೆ, ಹೇಳುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಮೇಲೆ ಬಂದು ಸೀರೆ ಹಿಂಡಿಕೊಂಡು, "ಅಳೂಕೂ ಬಿಟ್ಟ ಹುಡ್ಗಿ ಕೈಯಿಂದ ತಕಂಡು ಬಂದೆವಲ್ಲ," ಅಂದಳು. "ನನ್ನ ಹುಡ್ಗಿ ಬೇಕಾರೆ ಇನ್ನೊಂದು ಗಳಿಗೆ ನಿಲ್ಲಲಿ, ಅದ್ಕೆ ತಿಳೀತದೆ. ಇದ್ನ ವಾಪಸ್ ಕೊಡ್ಬೇಕು. ನಾನೇ ಬರ್ತೆ. ನಾನೇ ಕೊಡ್ತೆ."

ಆ ಶುಕ್ರವಾರ ಗಂಗಿ ಗೊಂಬೆಯ ಜಡೆ ಬಿಚ್ಚಿ, ಎಣ್ಣೆ ಹಾಕಿ, ಅದೇ ಕೆಂಪು ರಿಬ್ಬನ್ನಿನಿಂದ ಕಟ್ಟಿದಳು. ಹರಿದ ಲಂಗಕ್ಕೆ ನಾನು ಕೈ ಹಾಕಹೋದರೆ ಬಿಡಲಿಲ್ಲ, ಅದು ಆ ಹುಡುಗಿಯ ಹೊಲಿಗೆ, ಇರಲಿ ಅಂದಳು. ಭಾನುವಾರ ಗಂಡ ಹೆಂಡತಿ ಸ್ಪ್ಲೆಂಡರಿನಲ್ಲಿ ಹೋದರು. ಗೇಟಿನ ಮುಂದೆ ಪೊಂ ಪೊಂ ಅಂದದ್ದಕ್ಕೆ ಎಲ್ಲ ಮಕ್ಕಳು ಬಂದವು, ಮಾದೇವಿ ಬರಲಿಲ್ಲ.

ಹತ್ತು ತುಂಬಿದ ಹೆಣ್ಣುಮಕ್ಕಳನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ. ಬುಧವಾರ ಬೇರೆ ಮನೆಗೆ ಕಳಿಸಿಯಾಗಿತ್ತು. ಎಲ್ಲಿಗೆ ಅಂತ ಕೇಳಿದರೆ ಅಲ್ಲಿಯ ಮೇಡಂ, ಸಂಬಂಧಿಕರಲ್ಲದವರಿಗೆ ಹೇಳುವಂತಿಲ್ಲ ಅಂದರು. ತಪ್ಪೇನೂ ಅಲ್ಲ, ಮಕ್ಕಳ ಜೋಪಾನಕ್ಕೆ ಮಾಡಿದ ನಿಯಮ. ಗಂಗಿ ಗೇಟಿನ ಬುಡದಲ್ಲಿ ಕೂತೇಬಿಟ್ಟದ್ದು ಕಂಡು ಅವರಿಗೂ ಮನಸ್ಸು ತಡೆಯದೆ, "ಘಟ್ಟದ ಮೇಲೆ, ಇಷ್ಟು ಮಾತ್ರ ಹೇಳ್ಬಹುದು," ಅಂದರಂತೆ. ಗೊಂಬೆಯನ್ನು ಇಲ್ಲೇ ಕೊಡಿ, ಬೇರೆ ಮಕ್ಕಳು ಆಡುತ್ತವೆ ಅಂತಲೂ ಹೇಳಿದರು. ದುರ್ಗಪ್ಪ ಕೊಡಲು ಹೊರಟಿದ್ದ. ಗಂಗಿ, "ಇದು ಆ ಹುಡ್ಗೀದು," ಅಂದು ಸೆರಗಿನೊಳಗೆ ಇಟ್ಟುಕೊಂಡಳು. ಹೆಗಡೆಯವರು ತಮಗೆ ಗೊತ್ತಿದ್ದ ಆಫೀಸುಗಳಲ್ಲೆಲ್ಲ ಕೇಳಿದರು. ಎಲ್ಲ ಕಡೆ ಅದೇ ನಿಯಮ.

ಈಗ ದುರ್ಗಪ್ಪ ಭಾನುವಾರ ಮೀನು ಮಾರುವುದಿಲ್ಲ. ಪೆಟ್ಟಿಗೆ ಬಿಚ್ಚಿಟ್ಟು, ಗಂಗಿಯನ್ನು ಹಿಂದೆ ಕೂರಿಸಿಕೊಂಡು ಘಟ್ಟ ಹತ್ತುತ್ತಾನೆ. ಒಂದು ವಾರ ಶಿರಸಿ, ಒಂದು ವಾರ ಸಾಗರ, ಒಮ್ಮೆ ಯಲ್ಲಾಪುರದವರೆಗೂ. ಹೆಣ್ಣುಮಕ್ಕಳ ಹಾಸ್ಟೆಲು, ಮಕ್ಕಳ ಮನೆ ಎಲ್ಲಿದೆ ಅಂತ ಕೇಳಿಕೊಂಡು ಹೋಗಿ, ಗೇಟಿನಾಚೆ ರಸ್ತೆಯಲ್ಲಿ ನಿಂತು ಹಾರ್ನು ಒತ್ತುತ್ತಾನೆ. ಒಳಗೆ ಬಿಡಿ ಅಂತ ಯಾರನ್ನೂ ಕೇಳುವುದಿಲ್ಲ. ಆ ಹುಡುಗಿ ಇದ್ದರೆ ಹಾರ್ನಿನ ಗುರುತು ಹಿಡಿದು ಓಡಿ ಬಂದೇ ಬರುತ್ತಾಳೆ ಅನ್ನುವುದು ಅವನ ನಂಬಿಕೆ. ಇಷ್ಟು ದಿನವಾದರೂ ಯಾರೂ ಓಡಿ ಬಂದಿಲ್ಲ. ಮರೆತಿದ್ದಾಳೋ, ಅಲ್ಲಿ ಇಲ್ಲವೋ, ಕೇಳಿದರೂ ಬರುವುದು ಬೇಡ ಅಂದುಕೊಂಡಳೋ. ಮೂರನೆಯದನ್ನು ನಾನು ಅವರ ಮುಂದೆ ಯಾವತ್ತೂ ಹೇಳಿಲ್ಲ.

ಮೊನ್ನೆ ಗಂಗಿ ಅಂಗಡಿಗೆ ಬಂದಿದ್ದಳು. ಆ ಫ್ಲೆಕ್ಸು ಅವಳ ಮನೆಯ ಗೋಡೆಯ ಮೇಲೆಯೇ ಇದೆ. ನಮ್ಮ ಕಡೆ ಹಳೇ ಫ್ಲೆಕ್ಸನ್ನು ಸೌದೆ ಮುಚ್ಚಲು ಹಾಕುತ್ತಾರೆ, ಅವಳು ಮೊಳೆ ಹೊಡೆದಿದ್ದಾಳೆ.

"ನಮ್ಮನೆಯವ್ರು ಅದ್ರ ಮುಖ ನೋಡಿದ್ರು, ಮುಖ ಹುಡುಕ್ತ್ರು," ಅಂದಳು. "ನಾನು ಅದ್ರ ಮುಖ ಯಾವತ್ತು ನೋಡಿದೆ ವಿನುತಕ್ಕ? 'ಬಾ ಮಗಾ' ಅಂತ ಕರ್ದದ್ದೂ ಇಲ್ಲ. ದಾರೀಲಿ ಹೋಗೂ ಹುಡ್ಗೀರ ಬೆನ್ನು ನೋಡ್ತೆ. ಬೆಳ್ದಿರ್ತದೆ, ಬೆನ್ನೂ ಗುರ್ತು ಸಿಗ್ತದೋ ಇಲ್ವೋ."

ಹೋದ ವಾರ ಯಾವ ಊರಿಗೆ ಹೋಗಿದ್ದಿರಿ ಅಂತ ಕೇಳಿದೆ.

"ಸಿದ್ದಾಪುರ. ಎರಡು ಸಲ ಹಾರ್ನ್ ಮಾಡಿದ್ರು. ಒಳಗಿಂದ ಯಾರೂ ಬರ್ಲಿಲ್ಲ. ಎದ್ರು ಮನೆ ಹೆಂಗಸ್ರು ಪಾತ್ರೆ ಹಿಡ್ಕಂಡು ಬಂದ್ರು, ಇವತ್ತು ಎಂತ ಮೀನು ಅಂತ."

"ದುರ್ಗಪ್ಪ ಎಂತ ಹೇಳ್ದ?"

"ಎಂತ ಹೇಳೂದು," ಅಂದಳು ಗಂಗಿ. "ಮೀನಿಲ್ಲ ಅಂದ್ರು."